ಕೆಳಗಾಲಿನ ಗಾಯಕ್ಕೆ ಚರ್ಮದ ಹೊದಿಕೆ



ಬೇಲಿ ನುಗ್ಗುವಾಗ ಹಸುವಿನ ಬೆನ್ನಿನ ಮೇಲೆ ಅಂಗೈಯಗಲ ತೊಗಲು ಕಿತ್ತುಹೋದರೆ ನೀವು ಹೆಚ್ಚೇನೂ ಗಾಬರಿಯಾಗುವುದಿಲ್ಲ. ಬೇವಿನೆಣ್ಣೆ ಸವರಿ, ನೊಣ ಕೂರದಂತೆ ನೋಡಿಕೊಂಡರೆ ಒಂದೂವರೆ ಎರಡು ತಿಂಗಳಲ್ಲಿ ಅದು ಮಾಯುತ್ತದೆ. ಅಷ್ಟೇ ಅಗಲದ ಗಾಯ ಗೊರಸಿನ ಮೇಲಿನ ಗಿಣ್ಣಿನ ಹತ್ತಿರ ಆದರೆ, ಯುಗಾದಿಗೆ ಆದದ್ದು ದೀಪಾವಳಿಗೂ ಹಸಿಯಾಗಿಯೇ ಇರುತ್ತದೆ. ಸಂಘಗಳ ಸಭೆಗೆ ಹೋದಾಗ ಈ ಪ್ರಶ್ನೆ ತಪ್ಪುವುದಿಲ್ಲ: "ಡಾಕ್ಟ್ರೇ, ಅದೇ ಹಸ, ಅದೇ ಔಸ್ದಿ. ಬೆನ್ನಿಂದು ಮಾಯ್ತು, ಕಾಲಿಂದು ಯಾಕೆ ಮಾಯಕಿಲ್ಲ?"

ಪ್ರಶ್ನೆ ಸರಿಯಾದದ್ದೇ. ಈ ಸಂಚಿಕೆಯ ಪಾಠವನ್ನು ಅದಕ್ಕಾಗಿಯೇ ಮೀಸಲಿಟ್ಟಿದೆ. ಇನ್ನೂ ಒಂದು ಕಾರಣವಿದೆ. ಕೊಟ್ಟಿಗೆಯಲ್ಲಿ ನಿಲ್ಲುವುದು ಹಸುವಿನ ಕಾಲು ಮಾತ್ರವಲ್ಲ, ನಮ್ಮ ಕಾಲೂ ನಿಲ್ಲುತ್ತದೆ. ರೋಟವೇಟರಿಗೆ, ಪವರ್ ಟಿಲ್ಲರಿಗೆ, ಹಾಲಿನ ಕ್ಯಾನು ಹೊತ್ತ ಬೈಕಿನ ಚಕ್ರಕ್ಕೆ ಸಿಕ್ಕ ಪಾದಗಳು ಹೋಬಳಿಗೆ ಹತ್ತಾದರೂ ಸಿಗುತ್ತವೆ. ಹಸುವಿನ ಕೆಳಗಾಲಿಗೂ ಮನುಷ್ಯನ ಕೆಳಗಾಲಿಗೂ ಇರುವ ತೊಡಕು ಒಂದೇ. ಮನುಷ್ಯರ ವೈದ್ಯರು ಆ ತೊಡಕಿಗೆ ಕಂಡುಕೊಂಡ ದಾರಿಯನ್ನು ಫ್ಲ್ಯಾಪ್ ಶಸ್ತ್ರಚಿಕಿತ್ಸೆ ಎನ್ನುತ್ತಾರೆ. ಅದು ಏನು, ನಮ್ಮ ರಾಸುಗಳಿಗೆ ಎಷ್ಟರಮಟ್ಟಿಗೆ ಒದಗುತ್ತದೆ, ಗಾಯವಾದ ಮೊದಲ ಗಂಟೆಯಲ್ಲಿ ನಾವು ಮಾಡುವ ಯಾವ ಕೆಲಸ ಅದಕ್ಕೆ ದಾರಿ ಬಿಡುತ್ತದೆ, ಯಾವುದು ದಾರಿ ಮುಚ್ಚುತ್ತದೆ ಎಂಬುದನ್ನು ನೋಡೋಣ.

ಕೆಳಗಾಲು ಬೇರೆ ಏಕೆ?

ಸಂಜೆ ಹಾಲು ಕರೆಯಲು ಕೂತಾಗ ಒಂದು ಪರೀಕ್ಷೆ ಮಾಡಿ. ಹಸುವಿನ ಕುತ್ತಿಗೆಯ ತೊಗಲನ್ನು ಬೆರಳಲ್ಲಿ ಹಿಡಿದು ಎಳೆಯಿರಿ. ಹಿಡಿ ತುಂಬ ಬರುತ್ತದೆ. ಅದೇ ರೀತಿ ಗಿಣ್ಣಿನ ಮೇಲಿನ ತೊಗಲನ್ನು ಹಿಡಿಯಲು ನೋಡಿ. ಬೆರಳು ಜಾರುತ್ತದೆ, ತೊಗಲು ಬರುವುದಿಲ್ಲ. ಡೋಲಿಗೆ ಬಿಗಿದಂತೆ ಮೂಳೆಗೆ ಬಿಗಿದುಕೊಂಡಿರುತ್ತದೆ. ನಿಮ್ಮ ಮೊಣಕಾಲ ಕೆಳಗಿನ ಮುಂಭಾಗದ ಮೂಳೆಯ ಮೇಲೆಯೂ ಹೀಗೆಯೇ.

ಗಾಯ ಮಾಯುವುದು ಎರಡು ಬಗೆಯಲ್ಲಿ. ಮೊದಲನೆಯದು, ಸುತ್ತಲಿನ ಸಡಿಲ ತೊಗಲು ನಡುವಿನ ಕಡೆಗೆ ಸರಿದು ಗಾಯ ಕುಗ್ಗುವುದು. ಬೆನ್ನು, ಹೊಟ್ಟೆ, ಕುತ್ತಿಗೆಯ ಗಾಯದ ಬಹುಪಾಲು ಹೀಗೆಯೇ ಮುಚ್ಚುತ್ತದೆ. ಎರಡನೆಯದು, ಅಂಚಿನಿಂದ ಹೊಸ ಚರ್ಮದ ತೆಳು ಪದರ ಕೆಂಪು ಮಾಂಸದ ಮೇಲೆ ನಿಧಾನವಾಗಿ ಹಬ್ಬುವುದು. ಕೆಳಗಾಲಿನಲ್ಲಿ ಸರಿಯಲು ಸಡಿಲ ತೊಗಲೇ ಇಲ್ಲದಿರುವುದರಿಂದ ಈ ಎರಡನೆಯ ದಾರಿಯೊಂದೇ ಉಳಿಯುತ್ತದೆ. ಅದರ ವೇಗ ಎಷ್ಟು? ಕುದುರೆಗಳ ಕೆಳಗಾಲಿನಲ್ಲಿ ಅಳೆದು ನೋಡಿದ್ದಾರೆ. ದಿನಕ್ಕೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು. ಆರು ಸೆಂಟಿಮೀಟರು ಅಗಲದ ಗಾಯಕ್ಕೆ ಎರಡೂ ಅಂಚಿನಿಂದ ಮೂರು ಮೂರು ಸೆಂಟಿಮೀಟರು ಹಬ್ಬಬೇಕು. ಲೆಕ್ಕ ಹಾಕಿ, ಮುನ್ನೂರು ದಿನ! ಹಸುವಿನ ತೊಗಲು ಈ ವಿಷಯದಲ್ಲಿ ಕುದುರೆಯದಕ್ಕಿಂತ ಸ್ವಲ್ಪ ವಾಸಿ, ದುರ್ಮಾಂಸ ಬೆಳೆಯುವುದೂ ಕಡಿಮೆ. ಆದರೂ ಲೆಕ್ಕದ ಜಾಡು ಅದೇ.

ಇದರ ಜೊತೆಗೆ ಕೆಳಗಾಲಿನಲ್ಲಿ ಮಾಂಸಖಂಡವೇ ಇಲ್ಲ. ತೊಗಲಿನ ಅಡಿಯಲ್ಲಿ ಬಿಳಿಯ ಸ್ನಾಯುರಜ್ಜು (ನಮ್ಮ ಕಡೆ 'ನರ' ಎನ್ನುವುದು ಇದನ್ನೇ), ಅದರ ಅಡಿಯಲ್ಲಿ ಮೂಳೆ, ಅಷ್ಟೇ. ಮಾಂಸಖಂಡವಿದ್ದರೆ ರಕ್ತ ಧಾರಾಳ. ಇಲ್ಲಿ ರಕ್ತನಾಳಗಳು ಕಡಿಮೆ, ಹೃದಯದಿಂದ ಅತಿ ದೂರ. ಮೇಲಾಗಿ ಹೆಜ್ಜೆಹೆಜ್ಜೆಗೂ ಕೀಲು ಮಡಿಸಿ ಗಾಯ ಬಾಯಿ ಬಿಡುತ್ತದೆ. ಸಗಣಿ, ಗಂಜಲ, ನೊಣ ಇವುಗಳ ಮಾತು ಬೇರೆ ಹೇಳಬೇಕಾಗಿಲ್ಲ.

ನಾಟಿಗೂ ಕಸಿಗೂ ಇರುವ ವ್ಯತ್ಯಾಸ

ತೊಗಲು ಇಲ್ಲದ ಕಡೆ ಬೇರೆಡೆಯ ತೊಗಲನ್ನು ತಂದು ಮುಚ್ಚಬೇಕು. ಇದಕ್ಕೆ ಎರಡು ವಿಧಾನಗಳಿವೆ. ಎರಡೂ ರೈತರಿಗೆ ಬೇರೆ ಹೆಸರಿನಲ್ಲಿ ಗೊತ್ತಿರುವಂಥವೇ.

ಮೊದಲನೆಯದು ಚರ್ಮದ ನಾಟಿ. ತೊಡೆಯಿಂದಲೋ ಹೊಟ್ಟೆಯಿಂದಲೋ ತೆಳುವಾದ ಚರ್ಮವನ್ನು ಪೂರ್ತಿ ಬೇರ್ಪಡಿಸಿ ಗಾಯದ ಮೇಲೆ ಹಾಸುವುದು. ಮಡಿಯಿಂದ ಕಿತ್ತ ಭತ್ತದ ಪೈರಿನಂತೆ ಅದಕ್ಕೆ ತನ್ನದೆಂಬ ನೀರಿಲ್ಲ. ನೆಟ್ಟ ನೆಲ ಕೆಸರಾಗಿದ್ದರೆ ಬೇರು ಹಿಡಿಯುತ್ತದೆ. ಗಾಯದ ತಳ ಕೆಂಪಗೆ, ರಕ್ತ ತುಂಬಿ ಹಸಿಯಾಗಿದ್ದರೆ ಚರ್ಮ ನಾಲ್ಕೈದು ದಿನದಲ್ಲಿ ಹತ್ತಿಕೊಳ್ಳುತ್ತದೆ. ಬಂಡೆಯ ಮೇಲೆ ಪೈರು ನೆಟ್ಟರೆ? ಮೇಲಿನ ತೆಳು ಪೊರೆಯೂ ಹೋಗಿ ಬೆಳ್ಳಗೆ ಕಾಣುವ ಮೂಳೆ, ಪೊರೆ ಕಳೆದುಕೊಂಡ ಸ್ನಾಯುರಜ್ಜು, ತೆರೆದ ಕೀಲು, ಇವೆಲ್ಲ ಬಂಡೆಯಿದ್ದಂತೆ. ಇಲ್ಲಿ ಚರ್ಮದ ನಾಟಿ ನಿಲ್ಲುವುದಿಲ್ಲ. ಎಷ್ಟು ಸಲ ಹಾಕಿದರೂ ಕಪ್ಪಾಗಿ ಉದುರುತ್ತದೆ.

ಎರಡನೆಯದು ಫ್ಲ್ಯಾಪ್. ಮಾವಿನ ತೋಟ ಮಾಡಿದವರಿಗೆ ಸಾಮೀಪ್ಯ ಕಸಿ ಗೊತ್ತು. ಕುಂಡದ ಗಿಡವನ್ನು ಜಾತಿ ಮರದ ಬಳಿಗೆ ಒಯ್ದು, ಎರಡರ ಕೊಂಬೆಯನ್ನೂ ಸ್ವಲ್ಪ ಹೆರೆದು ಒಂದಕ್ಕೊಂದು ಕಟ್ಟುತ್ತೇವೆ. ಕಸಿ ಕೂಡುವ ತನಕ ಕೊಂಬೆ ತಾಯಿಮರದ ರಸವನ್ನೇ ಕುಡಿಯುತ್ತಿರುತ್ತದೆ. ಕೂಡಿದ ಮೇಲೆ ತಾಯಿಮರದ ಕಡೆ ಕತ್ತರಿಸುತ್ತೇವೆ. ಫ್ಲ್ಯಾಪ್ ಎಂದರೆ ಇದೇ. ಚರ್ಮವನ್ನು ಅದರಡಿಯ ಕೊಬ್ಬು, ಬೇಕಾದರೆ ಮಾಂಸಖಂಡದ ಸಮೇತ ಎಬ್ಬಿಸಿ, ಒಂದು ಬದಿಯನ್ನು ಮೂಲದಲ್ಲೇ ಉಳಿಸಿ, ಉಳಿದದ್ದನ್ನು ತಿರುಗಿಸಿ ಗಾಯದ ಮೇಲೆ ಹೊದಿಸುವುದು. ಉಳಿಸಿದ ಆ ಬದಿಯೇ ತೊಟ್ಟು. ತೊಟ್ಟಿನ ಮೂಲಕ ರಕ್ತ ಬರುತ್ತಲೇ ಇರುವುದರಿಂದ ತಳ ಬಂಡೆಯಾಗಿದ್ದರೂ ಹೊದಿಕೆ ಸಾಯುವುದಿಲ್ಲ. ಬದಲಿಗೆ ಬಂಡೆಗೇ ರಕ್ತ ಒದಗಿಸುತ್ತದೆ. ತೊಟ್ಟು ಉಳಿಯಬೇಕು ಎಂಬ ಈ ಒಂದು ಮಾತನ್ನು ನೆನಪಿಡಿ, ಮುಂದೆ ನಮ್ಮ ಹಸುವಿನ ವಿಷಯಕ್ಕೆ ಬಂದಾಗ ಅದು ಬೇಕಾಗುತ್ತದೆ.

ಒಬ್ಬ ಎತ್ತು ಹೊಡೆಯುವವನ ಮೂಗು

ಈ ವಿದ್ಯೆ ಪರದೇಶದಿಂದ ಬಂದದ್ದೆಂದು ತಿಳಿಯಬಾರದು. ಸುಶ್ರುತ ಸಂಹಿತೆಯಲ್ಲಿ ಕೆನ್ನೆಯ ಚರ್ಮವನ್ನು ತೊಟ್ಟು ಉಳಿಸಿ ಎಬ್ಬಿಸಿ ಮೂಗು, ಕಿವಿಯ ಹಾಲೆ ಕಟ್ಟುವ ವಿವರಣೆ ಇದೆ. ಅದಕ್ಕಿಂತಲೂ ಹತ್ತಿರದ್ದು ನಮ್ಮ ಶ್ರೀರಂಗಪಟ್ಟಣದ ಕಥೆ. ಕವಾಸ್‌ಜಿ ಎಂಬ ಮರಾಠ ಒಕ್ಕಲು ಮನೆತನದವನು ಇಂಗ್ಲಿಷರ ಸೈನ್ಯದಲ್ಲಿ ಎತ್ತು ಹೊಡೆಯುವ ಕೆಲಸಕ್ಕಿದ್ದ. 1792ರ ಮೈಸೂರು ಯುದ್ಧದಲ್ಲಿ ಅವನು ಟಿಪ್ಪುವಿನ ಕಡೆಯವರಿಗೆ ಸೆರೆ ಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನೆಂದೂ, ಶ್ರೀರಂಗಪಟ್ಟಣದ ಬಳಿ ಬೊಂಬಾಯಿ ಸೈನ್ಯವನ್ನು ಬಂದು ಸೇರಿದನೆಂದೂ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜೀನ್' 1794ರ ಅಕ್ಟೋಬರಿನಲ್ಲಿ ಚಿತ್ರಸಮೇತ ಅಚ್ಚುಮಾಡಿತು. ವರ್ಷಕ್ಕೂ ಮೇಲ್ಪಟ್ಟು ಮೂಗಿಲ್ಲದೆ ಇದ್ದ ಮೇಲೆ ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಜಾತಿಯ ಒಬ್ಬ ಕುಶಲಿ ಅವನಿಗೆ ಹೊಸ ಮೂಗು ಕಟ್ಟಿದ.

ಕಟ್ಟಿದ ಬಗೆ ಹೀಗೆ. ಮೇಣದ ತೆಳು ಹಾಳೆಯನ್ನು ಮೂಗಿನ ಆಕಾರಕ್ಕೆ ಒತ್ತಿ, ಅದನ್ನೇ ಬಿಡಿಸಿ ಹಣೆಯ ಮೇಲಿಟ್ಟು ಗೆರೆ ಎಳೆದ. ಗೆರೆಯುದ್ದಕ್ಕೂ ಹಣೆಯ ಚರ್ಮ ಬಿಡಿಸಿದ, ಎರಡು ಕಣ್ಣುಗಳ ನಡುವೆ ಮಾತ್ರ ಸಣ್ಣ ಪಟ್ಟಿಯಷ್ಟು ಬಿಡದೆ ಉಳಿಸಿದ. ಅದೇ ತೊಟ್ಟು. ಚರ್ಮವನ್ನು ಕೆಳಗೆ ತಿರುಗಿಸಿ ಮೂಗಿನ ಜಾಗದ ಅಂಚಿಗೆ ಸೇರಿಸಿ, ಎಲೆಅಡಿಕೆಗೆ ಹಾಕುವ ಕಾಚನ್ನು ನೀರಿನಲ್ಲಿ ಕಲಸಿ ಬಟ್ಟೆ ಪಟ್ಟಿಗೆ ಬಳಿದು ಅಂಟಿಸಿದ. ನಾಲ್ಕು ದಿನ ಮುಟ್ಟಲಿಲ್ಲ. ಆಮೇಲೆ ತುಪ್ಪದಲ್ಲಿ ಅದ್ದಿದ ಬಟ್ಟೆ. ಸುಮಾರು ಇಪ್ಪತ್ತೈದನೆಯ ದಿನ ತೊಟ್ಟನ್ನು ಕತ್ತರಿಸಿದ. ಇದನ್ನು ಓದಿದ ಮೇಲೆ ಇಂಗ್ಲೆಂಡಿನ ಕಾರ್ಪ್ಯೂ ಎಂಬ ವೈದ್ಯ 1814ರಲ್ಲಿ ಅದೇ ಕ್ರಮದಲ್ಲಿ ಶಸ್ತ್ರಚಿಕಿತ್ಸೆ ಮಾಡಿದ. ಯುರೋಪಿನಲ್ಲಿ ಈ ವಿದ್ಯೆ ಮತ್ತೆ ಚಿಗುರಿದ್ದು ಅಲ್ಲಿಂದ. ಹೆಸರೇ ಉಳಿಯದ ಆ ಇಟ್ಟಿಗೆ ಕೆಲಸದವನು ಓದಿದವನೋ ಇಲ್ಲವೋ, ತೊಟ್ಟಿನ ಮರ್ಮ ಅವನಿಗೆ ಚೆನ್ನಾಗಿ ತಿಳಿದಿತ್ತು.

ಮನುಷ್ಯರ ಕಾಲಿಗೆ ಬಂದದ್ದು

ಮುಖದಲ್ಲಿ ರಕ್ತ ಹೇರಳ, ಕೆಲಸ ಸುಲಭ. ಕಾಲಿಗೆ ಬಂದಾಗ ವೈದ್ಯರು ಬಹಳ ಕಾಲ ಒದ್ದಾಡಿದರು. ಅಮೆರಿಕದ ಹ್ಯಾಮಿಲ್ಟನ್ 1854ರಲ್ಲಿ ಒಂದು ಕಾಲಿನ ಮೀನಖಂಡದ ಚರ್ಮವನ್ನು ತೊಟ್ಟು ಸಮೇತ ಎಬ್ಬಿಸಿ ಇನ್ನೊಂದು ಕಾಲಿನ ಗಾಯಕ್ಕೆ ಹೊಲಿದರು. ಎರಡು ಕಾಲನ್ನೂ ಒಂದಕ್ಕೊಂದು ಕಟ್ಟಿ ವಾರಗಟ್ಟಲೆ ಮಲಗಿಸುವುದು. ಅಪ್ಪಟ ಸಾಮೀಪ್ಯ ಕಸಿ. ಬೇರೆ ದಾರಿಯಿಲ್ಲದ ಕಡೆ ಇಂದಿಗೂ ಇದನ್ನು ಮಾಡುವುದುಂಟು. ಸ್ವೀಡನ್ನಿನ ಪೊಂಟೆನ್ 1981ರಲ್ಲಿ ಒಂದು ಸರಳ ಸಂಗತಿ ತೋರಿಸಿಕೊಟ್ಟರು. ಕಾಲಿನ ಚರ್ಮವನ್ನು ಎಬ್ಬಿಸುವಾಗ ಅದರ ಅಡಿಯಲ್ಲಿ ಮಾಂಸಖಂಡಕ್ಕೆ ಸುತ್ತಿರುವ ಗಟ್ಟಿ ಬಿಳಿ ಪೊರೆಯನ್ನೂ ಸೇರಿಸಿ ಎಬ್ಬಿಸಿದರೆ ಹೊದಿಕೆಗೆ ರಕ್ತ ಚೆನ್ನಾಗಿ ಹರಿಯುತ್ತದೆ, ಉದ್ದನೆಯ ಹೊದಿಕೆಯೂ ಬದುಕುತ್ತದೆ.

ಈಗ ಶಸ್ತ್ರಚಿಕಿತ್ಸಕರು ಮೊಣಕಾಲಿನಿಂದ ಕಣಕಾಲಿನವರೆಗೆ ಮೂರು ಭಾಗ ಮಾಡಿ ಯೋಚಿಸುತ್ತಾರೆ. ಮೇಲಿನ ಭಾಗದ ಗಾಯಕ್ಕೆ ಮೀನಖಂಡದ ಹೊರಗಿನ ಮಾಂಸವನ್ನು, ನಡುವಿನದಕ್ಕೆ ಅದರ ಅಡಿಯ ಚಪ್ಪಟೆ ಮಾಂಸವನ್ನು ತಿರುಗಿಸಿ ಮುಚ್ಚಿ, ಮೇಲೆ ಚರ್ಮದ ನಾಟಿ ಹಾಕುತ್ತಾರೆ. ಕಷ್ಟವೆಲ್ಲ ಕೆಳಗಿನ ಮೂರನೇ ಭಾಗ, ಕಣಕಾಲು, ಹಿಮ್ಮಡಿಯಲ್ಲಿ. ಅಲ್ಲಿಗೆ ಮೀನಖಂಡದ ಹಿಂಬದಿಯ ಚರ್ಮವನ್ನು ಕೆಳಗೆ ತೊಟ್ಟು ಉಳಿಸಿ, ತಲೆಕೆಳಗಾಗಿ ಮಗುಚಿ ತರುತ್ತಾರೆ. ಫ್ರಾನ್ಸಿನ ಮಾಸ್ಕೆಲೆ ಮತ್ತು ಸಂಗಡಿಗರು 1992ರಲ್ಲಿ ವಿವರಿಸಿದ ಈ 'ಸೂರಲ್ ಫ್ಲ್ಯಾಪ್' ನಮ್ಮ ದೇಶದಲ್ಲಿ ಬಹಳ ಉಪಯೋಗಕ್ಕೆ ಬಂದಿದೆ, ಏಕೆಂದರೆ ಸೂಕ್ಷ್ಮದರ್ಶಕ ಬೇಡ, ದೊಡ್ಡ ಸಲಕರಣೆ ಬೇಡ. ಗಾಯ ಇನ್ನೂ ದೊಡ್ಡದಾದರೆ ಬೆನ್ನಿನಿಂದಲೋ ತೊಡೆಯಿಂದಲೋ ಮಾಂಸ-ಚರ್ಮದ ತುಂಡನ್ನು ಅದರ ರಕ್ತನಾಳದ ಸಮೇತ ಪೂರ್ತಿ ಬಿಡಿಸಿ ತಂದು, ಕಾಲಿನ ರಕ್ತನಾಳಕ್ಕೆ ಸೂಕ್ಷ್ಮದರ್ಶಕದ ಅಡಿಯಲ್ಲಿ ಹೊಲಿಯುತ್ತಾರೆ. ಹೆಂಟೆ ಸಮೇತ ಕಿತ್ತ ತೆಂಗಿನ ಸಸಿಗೆ ಹೊಸ ಗುಂಡಿಯಲ್ಲಿ ಹನಿ ನೀರಿನ ಪೈಪು ಜೋಡಿಸಿದಂತೆ. ಇಂಥ ಚರ್ಮದ ಮೊದಮೊದಲ ಜೋಡಣೆಯನ್ನು ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ ಡೇನಿಯಲ್ ಮತ್ತು ಟೇಲರ್ 1973ರಲ್ಲಿ ಪ್ರಕಟಿಸಿದರು. ಅದೂ ಕಣಕಾಲಿನ ಹತ್ತಿರದ ಗಾಯಕ್ಕೇ.

ಎಲ್ಲಕ್ಕಿಂತ ಮುಖ್ಯವಾದದ್ದು ಸಮಯ. ಸ್ಲೊವೇನಿಯಾದ ಲುಬ್ಲಿಯಾನಾ ನಗರದ ಗೊಡಿನಾ ಎಂಬ ಶಸ್ತ್ರಚಿಕಿತ್ಸಕರು 532 ರೋಗಿಗಳ ಲೆಕ್ಕವನ್ನು 1986ರಲ್ಲಿ ಪ್ರಕಟಿಸಿದರು. ಗಾಯವನ್ನು ಚೆನ್ನಾಗಿ ಶುಚಿಮಾಡಿ 72 ಗಂಟೆಯೊಳಗೆ ಹೊದಿಕೆ ಹಾಕಿದವರಲ್ಲಿ ನೂರಕ್ಕೆ ಒಂದು ಹೊದಿಕೆಯೂ ಕೆಡಲಿಲ್ಲ. ಮೂರು ದಿನ ಕಳೆದು ಮೂರು ತಿಂಗಳೊಳಗೆ ಹಾಕಿದವರಲ್ಲಿ ನೂರಕ್ಕೆ ಹನ್ನೆರಡು ಕೆಟ್ಟವು. ನಮ್ಮ ನೆರೆಯ ಕೊಯಮತ್ತೂರಿನ ಗಂಗಾ ಆಸ್ಪತ್ರೆಯವರು ಚರ್ಮ, ಮೂಳೆ, ಮಾಂಸ-ನರ ಒಂದೊಂದಕ್ಕೂ 1ರಿಂದ 5ರವರೆಗೆ ಅಂಕ ಕೊಟ್ಟು, ಸಕ್ಕರೆ ಕಾಯಿಲೆಯಂಥ ತೊಂದರೆಗಳಿಗೆ ಬೇರೆ ಅಂಕ ಸೇರಿಸಿ, ಜಜ್ಜಿದ ಕಾಲನ್ನು ಉಳಿಸಬಹುದೇ ತೆಗೆಯಬೇಕೇ ಎಂದು ತೀರ್ಮಾನಿಸುವ ಒಂದು ಮಾಪನವನ್ನು 2006ರಲ್ಲಿ ಹೊರತಂದರು. ಹಿಂದೆ ಕಂಡ ಕೂಡಲೇ ಕತ್ತರಿಸುತ್ತಿದ್ದ ಎಷ್ಟೋ ಕಾಲುಗಳು ಈಗ ಉಳಿಯುತ್ತಿವೆ. ಉಳಿಯಬೇಕಾದರೆ ಬೇಗ ಅಲ್ಲಿಗೆ ತಲುಪಬೇಕು.

ಹಸುವಿಗೆ ಇದನ್ನು ಮಾಡಬಹುದೇ?

ಇಲ್ಲಿ ನೇರವಾಗಿ ಹೇಳಿಬಿಡುವುದು ಒಳ್ಳೆಯದು. ದೊಡ್ಡ ಫ್ಲ್ಯಾಪ್‌ಗಳು ಹಸುವಿಗೆ ಆಗುವುದಿಲ್ಲ. ಮನುಷ್ಯನನ್ನು ಕಾಲು ಎತ್ತಿ ಹಾಸಿಗೆಯಲ್ಲಿ ಮೂರು ವಾರ ಮಲಗಿಸಬಹುದು. ನಾನೂರೈವತ್ತು ಕಿಲೋ ತೂಗುವ ಎಚ್.ಎಫ್. ಮಿಶ್ರತಳಿಯನ್ನು ಹಾಗೆ ಮಲಗಿಸಿದರೆ ಕಾಲು ಉಳಿಯುವುದರೊಳಗೆ ಹಸು ಹೋಗುತ್ತದೆ. ಅದಕ್ಕೆ ಕೆಳಗಾಲಿನಲ್ಲಿ ತಿರುಗಿಸಲು ಮೀನಖಂಡವೂ ಇಲ್ಲ. ನಾಯಿಗಳಲ್ಲಿ ಮಾತ್ರ ತೊಡೆಯ ಒಳಬದಿಯ ಚರ್ಮವನ್ನು ರಕ್ತನಾಳದ ಸಮೇತ ಕೆಳಗೆ ತರುವ ಶಸ್ತ್ರಚಿಕಿತ್ಸೆಗಳು ರೂಢಿಯಲ್ಲಿವೆ. ವಾಹನಕ್ಕೆ ಸಿಕ್ಕ ಮನೆನಾಯಿಯ ಕಾಲಿನ ಬಗ್ಗೆ ಹಾಸನದ ಪಶುವೈದ್ಯಕೀಯ ಕಾಲೇಜಿನ ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ವಿಚಾರಿಸಬಹುದು.

ಹಾಗಾದರೆ ಹಸುವಿಗೆ ಈ ಪಾಠದಿಂದ ಏನು ಬಂತು? ಬಂದದ್ದು ಬಹಳ ದೊಡ್ಡದು. ಹಸುವಿಗೆ ಫ್ಲ್ಯಾಪನ್ನು ನಾವು ಮಾಡಬೇಕಾಗಿಲ್ಲ, ಎಷ್ಟೋ ಸಲ ಮುಳ್ಳುತಂತಿಯೇ ಮಾಡಿಕೊಟ್ಟಿರುತ್ತದೆ. ತಂತಿಗೆ ಸಿಕ್ಕಿ ಜಗ್ಗಿದಾಗ ತೊಗಲು ನೇರವಾಗಿ ಸೀಳುವುದು ಕಡಿಮೆ. ಮೂರು ಕಡೆ ಹರಿದು ಒಂದು ಕಡೆ ಹಿಡಿದುಕೊಂಡು, ಹರಿದ ಜೇಬಿನಂತೆ ತೂಗಾಡುತ್ತದೆ. ಆ ಹಿಡಿದುಕೊಂಡ ಕಡೆಯೇ ತೊಟ್ಟು. ನಮ್ಮವರು ಮಾಡುವ ಮೊದಲ ಕೆಲಸವೆಂದರೆ ಬ್ಲೇಡು ತಂದು ತೂಗಾಡುವ ತೊಗಲನ್ನು ಕತ್ತರಿಸಿ ಎಸೆಯುವುದು! "ಸತ್ತ ತೊಗಲು, ನೊಣ ಕೂರ್ತಾವೆ" ಎನ್ನುತ್ತಾರೆ. ಅದು ಸತ್ತಿರುವುದಿಲ್ಲ. ಕತ್ತರಿಸಿದ ಆ ಗಳಿಗೆಯಲ್ಲಿ ಹದಿನೈದು ಇಪ್ಪತ್ತು ದಿನದ ಗಾಯ ಮುನ್ನೂರು ದಿನದ ಗಾಯವಾಗುತ್ತದೆ.

ಕಟ್ಟಾಯ ಹೋಬಳಿಯ ಒಂದು ಹಳ್ಳಿಯಿಂದ ಹೀಗೆಯೇ ಕರೆ ಬಂತು. ಎರಡನೇ ಸೂಲಿನ ಹಸು, ಜೋಳದ ಹೊಲದ ಬೇಲಿಗೆ ಹಿಂಗಾಲು ಸಿಕ್ಕಿ, ಕಾಲಿನ ಮುಂಭಾಗದ ತೊಗಲು ಗೇಣುದ್ದ ಕಳಚಿ ಗಿಣ್ಣಿನ ಮೇಲೆ ಜೋತುಬಿದ್ದಿತ್ತು. ಒಳಗೆ ಬಿಳಿಯ ನರ ಹೊಳೆಯುತ್ತಿತ್ತು. ಮನೆಯ ಯಜಮಾನರು ಕುಡುಗೋಲು ಹಿಡಿದು ನಿಂತಿದ್ದರು. ಅವರ ತಾಯಿ, ಎಪ್ಪತ್ತರ ಮೇಲಿನ ಅಜ್ಜಿ, "ಏ, ಸುಮ್ನಿರ್ಲಾ, ಡಾಕ್ಟ್ರು ಬರ್ಲಿ. ದೇವ್ರು ಕೊಟ್ಟ ತೊಗಲ ನೀನ್ಯಾಕೆ ಕುಯ್ತೀಯ" ಎಂದು ಗದರಿಸಿ, ತೊಗಲನ್ನು ಸ್ವಸ್ಥಾನಕ್ಕೆ ಮಡಿಸಿ ತಮ್ಮ ಒಗೆದ ಹತ್ತಿ ಸೀರೆಯ ತುಂಡನ್ನು ಒದ್ದೆಮಾಡಿ ಸುತ್ತಿಸಿದ್ದರು. ಗಾಯವಾಗಿ ನಾಲ್ಕು ಗಂಟೆ ಆಗಿತ್ತು. ಮೊಣಕಾಲ ಮೇಲೆ ರಬ್ಬರು ಪಟ್ಟಿ ಬಿಗಿದು, ಕೆಳಗಿನ ರಕ್ತನಾಳಕ್ಕೆ ಮರವಳಿಕೆ ಔಷಧಿ ಕೊಟ್ಟರೆ ಇಡೀ ಪಾದ ಜೋಮು ಹಿಡಿಯುತ್ತದೆ, ಹಸು ಒದೆಯುವುದಿಲ್ಲ. ಅರ್ಧ ಗಂಟೆ ಉಪ್ಪುನೀರಿನಲ್ಲಿ ತೊಳೆದು, ಕಪ್ಪಾಗಿದ್ದ ತುದಿಯನ್ನು ಬೆರಳಗಲ ಮಾತ್ರ ತೆಗೆದು, ತೊಗಲನ್ನು ಎಳೆದು ಬಿಗಿಯದೆ, ಕೀವು ಇಳಿಯಲು ಕೆಳಗೆ ಬಾಯಿ ಬಿಟ್ಟು ಹೊಲಿಗೆ ಹಾಕಿ, ಗೊರಸಿನಿಂದ ಮೇಲಿನ ಕೀಲಿನವರೆಗೆ ದಪ್ಪ ಹತ್ತಿಯ ಪಟ್ಟಿ ಸುತ್ತಲಾಯಿತು. ತುದಿಯ ಎರಡು ಬೆರಳಿನಷ್ಟು ಜಾಗ ಕಪ್ಪಾಗಿ ಉದುರಿತು. ಉಳಿದದ್ದೆಲ್ಲ ಮೂರು ವಾರದಲ್ಲಿ ಹತ್ತಿಕೊಂಡಿತು. ಅಷ್ಟು ದಿನ ಹಾಲು ಇಳಿದಿತ್ತು, ಆಮೇಲೆ ಏರಿತು. ಹೊಲಿಗೆ ಹಾಕಿದ್ದು ವೈದ್ಯರಾದರೂ ಆ ಕಾಲನ್ನು ಉಳಿಸಿದ್ದು ಅಜ್ಜಿಯ ಗದರಿಕೆ ಎಂದೇ ನನ್ನ ಎಣಿಕೆ.

ತೊಟ್ಟು ಯಾವ ಕಡೆಗಿದೆ ಎಂಬುದೂ ಮುಖ್ಯ. ಕಾಲಿಗೆ ರಕ್ತ ಮೇಲಿನಿಂದ ಕೆಳಗೆ ಬರುತ್ತದೆ. ತೊಗಲು ಮೇಲ್ಗಡೆ ಹಿಡಿದುಕೊಂಡು ಕೆಳಕ್ಕೆ ಜೋತಿದ್ದರೆ ಬದುಕುವ ಸಂಭವ ಹೆಚ್ಚು. ಕೆಳಗಡೆ ಹಿಡಿದುಕೊಂಡು ತಲೆಕೆಳಗಾಗಿ ಬಿದ್ದಿದ್ದರೆ ತುದಿಯ ಭಾಗ ಸಾಯಬಹುದು. ಸಾಯುವುದೋ ಬದುಕುವುದೋ ಎಂದು ಮೊದಲ ದಿನ ವೈದ್ಯರಿಗೂ ಪೂರ್ತಿ ಹೇಳಲಾಗುವುದಿಲ್ಲ. ಮೂರು ನಾಲ್ಕು ದಿನದಲ್ಲಿ ಗೆರೆ ಎಳೆದಂತೆ ತಾನೇ ತಿಳಿಯುತ್ತದೆ. ಒಂದು ವೇಳೆ ಸತ್ತರೂ ಅಷ್ಟು ದಿನ ನರಕ್ಕೆ, ಮೂಳೆಗೆ ಮುಚ್ಚಳವಾಗಿ ಒಣಗದಂತೆ ಕಾದಿರುತ್ತದೆ. ಕತ್ತರಿಸಲು ಅವಸರವೇನೂ ಇಲ್ಲ.

ತೊಗಲು ಪೂರ್ತಿ ಹೋಗಿಬಿಟ್ಟಿದ್ದರೆ, ಮೊದಲು ಪಟ್ಟಿ ಕಟ್ಟಿ ಕೆಂಪು ಮಾಂಸ ತುಂಬಲು ಬಿಡಬೇಕು. ಅದು ಚರ್ಮದ ಮಟ್ಟಕ್ಕೆ ಬಂದ ಮೇಲೆ ಕುತ್ತಿಗೆಯಿಂದಲೋ ಹೊಟ್ಟೆಯ ಅಡಿಯಿಂದಲೋ ರಾಗಿಕಾಳಿಗಿಂತ ತುಸು ದೊಡ್ಡ ಚರ್ಮದ ಚೂರುಗಳನ್ನು ತೆಗೆದು ಕೆಂಪು ಮಾಂಸದೊಳಗೆ ಸಾಲಾಗಿ ಊರಬಹುದು. ಒಂದೊಂದು ಚೂರೂ ಒಂದೊಂದು ಅಂಚಾಗಿ ಸುತ್ತ ಹಬ್ಬುವುದರಿಂದ ಮುನ್ನೂರು ದಿನದ ಲೆಕ್ಕ ಬಹಳ ಇಳಿಯುತ್ತದೆ. ಇದು ಬೆಲೆಬಾಳುವ ರಾಸುಗಳಿಗೆ ಮಾಡುವ ಕೆಲಸ. ಹಳ್ಳಿಕಾರ್ ಹೋರಿ ಸಾಕಿ ಜಾತ್ರೆಗೆ ಹೊಡೆಯುವ ಚನ್ನರಾಯಪಟ್ಟಣದ ಕಡೆಯವರಿಗೆ ಇದರ ಬೆಲೆ ಹೇಳಿಕೊಡಬೇಕಾಗಿಲ್ಲ. ಮಾಂಸ ಚರ್ಮದ ಮಟ್ಟ ಮೀರಿ ಹೂಕೋಸಿನಂತೆ ಉಬ್ಬಿದರೆ ಅದು ದುರ್ಮಾಂಸ. ಅದರ ಮೇಲೆ ಹೊಸ ಚರ್ಮ ಹತ್ತಲಾರದು, ವೈದ್ಯರಿಂದ ಸವರಿಸಬೇಕು. ಮೈಲುತುತ್ತ ಹಾಕಿ ಸುಡುವ ರೂಢಿಯಿದೆ. ದುರ್ಮಾಂಸದ ಜೊತೆ ಅಂಚಿನ ಒಳ್ಳೆಯ ಚರ್ಮವನ್ನೂ ಅದು ಸುಡುತ್ತದೆ. ಬೇಡ.

ಗೊರಸಿನ ಒಳಗೆ ಕೀವು ಸೇರಿ ಕೀಲೇ ಕೊಳೆತಿದ್ದರೆ ಹೊದಿಕೆಯ ಮಾತೇ ಇಲ್ಲ. ಹಸುವಿಗೆ ಒಂದು ಪಾದಕ್ಕೆ ಎರಡು ಗೊರಸು ಇರುವುದು ಅದರ ಪುಣ್ಯ. ಕೆಟ್ಟ ಒಂದನ್ನು ತೆಗೆದರೆ ಇನ್ನೊಂದರ ಮೇಲೆ ನಡೆದು ಒಂದೆರಡು ಸೂಲು ಹಾಲು ಕೊಡುವ ಹಸುಗಳಿವೆ. ಮಾರಿಬಿಡುವ ಮುನ್ನ ಈ ಮಾತನ್ನು ವೈದ್ಯರಲ್ಲಿ ಕೇಳಿ ನೋಡಿ.

ಮೊದಲ ಗಂಟೆ

ರಕ್ತ ಚಿಮ್ಮುತ್ತಿದ್ದರೆ ಒಗೆದ ಬಟ್ಟೆಯನ್ನು ಮಡಿಸಿ ಗಾಯದ ಮೇಲೇ ಒತ್ತಿ ಹಿಡಿಯಿರಿ, ಗಡಿಯಾರ ನೋಡಿ ಹತ್ತು ನಿಮಿಷ. ನಡುನಡುವೆ ತೆಗೆದು ಇಣುಕಬಾರದು. ಮೇಲೆ ಸಣಬಿನ ದಾರ, ತಂತಿ ಬಿಗಿಯಬೇಡಿ. ಬಿಗಿದು ಮರೆತ ದಾರದಿಂದ ಪಾದವೇ ಕೊಳೆತ ರಾಸುಗಳಿವೆ. ರಕ್ತ ನಿಂತ ಮೇಲೆ ತೊಳೆಯುವುದು. ಒಂದು ಲೀಟರು ಕುದಿಸಿ ಆರಿಸಿದ ನೀರಿಗೆ ಒಂಬತ್ತು ಗ್ರಾಂ, ಅಂದರೆ ಹೆಚ್ಚುಕಡಿಮೆ ಎರಡು ಮಟ್ಟ ಟೀ ಚಮಚೆ ಉಪ್ಪು. ಅದಿಲ್ಲವೆಂದರೆ ನಲ್ಲಿಯ ನೀರೇ ಸಾಕು, ಧಾರಾಳವಾಗಿ ಹರಿಯಲಿ. ಔಷಧಿಗಿಂತ ನೀರು ಹೆಚ್ಚು ಕೊಳೆ ತೆಗೆಯುತ್ತದೆ. ನೀರುನೀರಾಗಿ ಚಹಾದ ಬಣ್ಣಕ್ಕೆ ಕಲಸಿದ ಪೊವಿಡೋನ್ ಅಯೋಡಿನ್ ಸೇರಿಸಬಹುದು. ನೊರೆ ಬರುವ ಹೈಡ್ರೋಜನ್ ಪೆರಾಕ್ಸೈಡನ್ನು ದಿನದಿನವೂ ಹಾಕಿದರೆ ಹೊಸ ಮಾಂಸವೂ ಸಾಯುತ್ತದೆ. ಆಮೇಲೆ ತೊಗಲನ್ನು ಸ್ವಸ್ಥಾನಕ್ಕೆ ಮಡಿಸಿ, ಒದ್ದೆಯ ಶುದ್ಧ ಬಟ್ಟೆ ಸುತ್ತಿ, ಮೇಲೊಂದು ಒಣ ಬಟ್ಟೆ ಕಟ್ಟಿ, 1962ಕ್ಕೋ ಪಶು ಆಸ್ಪತ್ರೆಗೋ ಫೋನು ಮಾಡಿ. ಆರೆಂಟು ಗಂಟೆಯೊಳಗೆ ಹೊಲಿದರೆ ಫಲ ಚೆನ್ನು.

ಕಾಫಿ ಪುಡಿ, ಸುಣ್ಣ, ಅರಿಶಿನ, ಬೀಡಿ ಬೂದಿ, ಸಗಣಿ ಇವು ಗಾಯದೊಳಗೆ ಹೋದರೆ ಅವನ್ನು ಹೆರೆದು ತೆಗೆಯುವುದರಲ್ಲಿಯೇ ಉಳಿಯಬಹುದಾಗಿದ್ದ ಮಾಂಸ ಹೋಗುತ್ತದೆ. ಸಗಣಿಯಲ್ಲಿ ಧನುರ್ವಾಯುವಿನ ಬೀಜವೂ ಇರುತ್ತದೆ. ಹಳೆಯ ಎಂಜಿನ್ ಆಯಿಲ್ ಹಚ್ಚುವ ಅಭ್ಯಾಸ ಈಚೆಗೆ ಕಾಣುತ್ತಿದೆ. ಟ್ರ್ಯಾಕ್ಟರಿಗೆ ಬೇಡವಾದದ್ದು ಹಸುವಿಗೆ ಹೇಗೆ ಒಳ್ಳೆಯದಾದೀತು? ಗಾಯದ ಒಳಕ್ಕೆ ಹಾಕಬೇಕಾದದ್ದು ನೀರು, ಬೇವಿನೆಣ್ಣೆ ಸುತ್ತಲಿನ ರೋಮದ ಮೇಲೆ ನೊಣ ಓಡಿಸಲು. ನಾಯಿ ಕಚ್ಚಿದ ಗಾಯವಾದರೆ ಸೋಪು ಹಾಕಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆಯಿರಿ. ಬರಿಗೈಯಲ್ಲಿ ಮುಟ್ಟಬೇಡಿ, ಕೂಡಲೇ ಹೊಲಿಗೆ ಹಾಕಿಸಬೇಡಿ, ಅದೇ ದಿನ ಹುಚ್ಚುನಾಯಿ ರೋಗದ ಲಸಿಕೆ ಶುರುಮಾಡಿಸಿ.

2013ರಲ್ಲಿ ರಾಜ್ಯದಲ್ಲಿ ಕಾಲುಬಾಯಿ ಜ್ವರ ಹಬ್ಬಿದಾಗ ಗೊರಸಿನ ಸಂದಿಗೆ ಹುಳ ಬಿದ್ದು ಕಾಲು ಕಳೆದುಕೊಂಡ ರಾಸುಗಳನ್ನು ಹಿರಿಯ ಸದಸ್ಯರು ಮರೆತಿರಲಾರರು. ಆ ಗಾಯಕ್ಕೆ ಯಾವ ಹೊದಿಕೆಯೂ ಇಲ್ಲ, ವರ್ಷಕ್ಕೆ ಎರಡು ಸಲದ ಲಸಿಕೆಯೊಂದೇ ಹೊದಿಕೆ.

ಇನ್ನು ಹಾಲಿನ ಮಾತು. ಗಾಯಕ್ಕಾಗಿ ಆ್ಯಂಟಿಬಯಾಟಿಕ್ ಚುಚ್ಚುಮದ್ದು ಕೊಟ್ಟ ಹಸುವಿನ ಹಾಲನ್ನು ಔಷಧಿಯ ಲೇಬಲ್ಲಿನಲ್ಲಿ ಬರೆದಿರುವಷ್ಟು ದಿನ ಸಂಘಕ್ಕೆ ಹಾಕಬಾರದು. ಕೊಟ್ಟ ವೈದ್ಯರನ್ನೇ ಕೇಳಿ ದಿನಾಂಕ ಗೋಡೆಯ ಮೇಲೆ ಬರೆದಿಡಿ. ಒಬ್ಬರ ಒಂದು ಕ್ಯಾನು ಇಡೀ ಊರಿನ ಹಾಲನ್ನು ಕೆಡಿಸುತ್ತದೆ.

ಮನೆಯವರ ಕಾಲಿಗೆ ಆದರೆ

ಒತ್ತುವುದು, ತೊಳೆಯುವುದು, ತೊಗಲು ಕತ್ತರಿಸದಿರುವುದು ಇಲ್ಲಿಯೂ ಹಾಗೆಯೇ. 108ಕ್ಕೆ ಕರೆ ಮಾಡಿ. ಬೆರಳೋ ಪಾದವೋ ತುಂಡಾಗಿದ್ದರೆ ಅದನ್ನು ತೊಳೆದು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಐಸಿನ ಮೇಲಿಡಿ. ತುಂಡು ನೇರವಾಗಿ ಐಸಿಗೆ ತಾಗಬಾರದು. ಧನುರ್ವಾಯು ಚುಚ್ಚುಮದ್ದು ಹಾಕಿಸಿ. ಹಾಸನದ ಜಿಲ್ಲಾ ಆಸ್ಪತ್ರೆಯಲ್ಲಿ ಮೂಳೆ ತಜ್ಞರು ನೋಡಿದಾಗ ನೀವು ಕೇಳಬೇಕಾದ ಪ್ರಶ್ನೆ ಒಂದೇ: "ಸಾರ್, ಮೂಳೆ ಕಾಣ್ತಿದೆ, ಪ್ಲಾಸ್ಟಿಕ್ ಸರ್ಜನ್ ಹತ್ತಿರ ಇವತ್ತೇ ತೋರಿಸಬೇಕಾ?" ಮೈಸೂರಿಗೋ ಬೆಂಗಳೂರಿಗೋ ಕಳಿಸಿದರೆ ಆ ದಿನವೇ ಹೊರಡಿ. ಪ್ಲಾಸ್ಟಿಕ್ ಸರ್ಜನ್ ಎಂದರೆ ಸಿನಿಮಾದವರ ಮೂಗು ತಿದ್ದುವವರೆಂದು ನಕ್ಕು, ಮನೆಯಲ್ಲಿ ಪಟ್ಟಿ ಕಟ್ಟಿಸಿಕೊಂಡು ಎರಡು ತಿಂಗಳು ಕಳೆದು, ಮೂಳೆ ಕಪ್ಪಾದ ಮೇಲೆ ಹೋದವರಿದ್ದಾರೆ. ಅಷ್ಟು ಹೊತ್ತಿಗೆ ಉಳಿಯುವುದು ಮೊಣಕಾಲಿನವರೆಗೆ ಮಾತ್ರ.

ಶಸ್ತ್ರಚಿಕಿತ್ಸೆಯ ನಂತರ ಮನೆಯವರು ನೋಡಬೇಕಾದ್ದು ಹೊದಿಕೆಯ ಬಣ್ಣ. ಬೆರಳಲ್ಲಿ ಒತ್ತಿ ಬಿಟ್ಟರೆ ಬಿಳುಪು 'ಒಂದು, ಎರಡು' ಎನ್ನುವಷ್ಟರಲ್ಲಿ ಕೆಂಪಾಗಬೇಕು. ಬಿಳಿಚಿ ತಣ್ಣಗಾದರೆ ರಕ್ತ ಬರುತ್ತಿಲ್ಲ, ನೀಲಿಯಾಗಿ ಊದಿದರೆ ರಕ್ತ ಹಿಂದಿರುಗುತ್ತಿಲ್ಲ. ಎರಡರಲ್ಲಿ ಯಾವುದೇ ಕಂಡರೂ ಬೆಳಗಾಗಲಿ ಎನ್ನಬಾರದು, ಆಗಲೇ ನರ್ಸನ್ನು ಕರೆಯಬೇಕು. ಕಾಲನ್ನು ದಿಂಬಿನ ಮೇಲೆ ಎತ್ತರದಲ್ಲಿಡಿ, ಹೊದಿಕೆಯ ಮೇಲೆ ಭಾರ ಬೀಳದಿರಲಿ. ಇನ್ನು ಬೀಡಿ. ತಂಬಾಕಿನ ವಿಷ ಸಣ್ಣ ರಕ್ತನಾಳಗಳನ್ನು ಹಿಂಡುತ್ತದೆ. ಆರು ಗಂಟೆ ನಿಂತು ಕಟ್ಟಿದ ಹೊದಿಕೆಯನ್ನು ಆಸ್ಪತ್ರೆಯ ಹಿಂದೆ ಕದ್ದು ಸೇದಿದ ಬೀಡಿಗಳು ಕೊಂದ ಉದಾಹರಣೆಗಳನ್ನು ಶಸ್ತ್ರಚಿಕಿತ್ಸಕರು ಬೇಸರದಿಂದ ಹೇಳುತ್ತಾರೆ. ನೋಡಲು ಬರುವ ಬೀಗರು ಹಣ್ಣು ತರಲಿ, ಬೀಡಿ ಕಟ್ಟು ಬೇಡ. ಹಿಮ್ಮಡಿಗೆ ಹಾಕಿದ ಹೊದಿಕೆಗೆ ಸ್ಪರ್ಶಜ್ಞಾನ ಕಡಿಮೆ, ಮುಳ್ಳು ಚುಚ್ಚಿದರೂ ತಿಳಿಯುವುದಿಲ್ಲ. ಮೆತ್ತನೆಯ ರಬ್ಬರಿನ ಚಪ್ಪಲಿಯಿಲ್ಲದೆ ಕೊಟ್ಟಿಗೆಗೆ ಇಳಿಯಬಾರದು, ರಾತ್ರಿ ಮಲಗುವ ಮುನ್ನ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕು. ಸಕ್ಕರೆ ಕಾಯಿಲೆಯವರಿಗೂ ಇದೇ ನಿಯಮ.

ಖರ್ಚಿನ ವಿಷಯಕ್ಕೆ ಬಂದರೆ, ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಕಾರ್ಯಾರಂಭ ಮಾಡಿದ ಯಶಸ್ವಿನಿ ಯೋಜನೆ 2018ರಲ್ಲಿ ಆರೋಗ್ಯ ಕರ್ನಾಟಕದೊಳಗೆ ಸೇರಿಹೋಗಿ, 2022ರಲ್ಲಿ ಮತ್ತೆ ಪ್ರತ್ಯೇಕವಾಗಿ ಜಾರಿಗೆ ಬಂತು. ಹಾಲು ಉತ್ಪಾದಕರ ಸಂಘದ ಸದಸ್ಯರೂ ಇದಕ್ಕೆ ಅರ್ಹರು. ನೋಂದಣಿಯ ಅವಧಿ ತೆರೆದಾಗ ಮಾತ್ರ ಸೇರಲು ಸಾಧ್ಯ. ಅಪಘಾತವಾದ ಮೇಲೆ ಕಾರ್ಯದರ್ಶಿಗಳ ಮನೆ ಬಾಗಿಲು ಬಡಿದರೆ ಪ್ರಯೋಜನವಿಲ್ಲ. ಹಾಲು ಹಾಕಲು ಹೋದಾಗ ಈ ವರ್ಷದ ಕಂತು ಕಟ್ಟಿದೆಯೇ, ಮನೆಯ ಎಲ್ಲರ ಹೆಸರೂ ಸೇರಿದೆಯೇ, ಸೊಸೆಯ ಹೆಸರು ಬಿಟ್ಟುಹೋಗಿಲ್ಲವೇ ಎಂದು ಕೇಳಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಕಾರ್ಡನ್ನು ಆಧಾರಿನ ಜೊತೆಗೇ ಇಟ್ಟುಕೊಂಡಿರಿ. ಈ ಯೋಜನೆಗಳಲ್ಲಿ ಹೋಗುವವರು ಆಸ್ಪತ್ರೆಗೆ ಸೇರುವಾಗಲೇ ಕಾರ್ಡು ತೋರಿಸಬೇಕು, ಬಿಲ್ಲು ಆದ ಮೇಲಲ್ಲ.

ಕೊಟ್ಟಿಗೆಯ ಬಾಗಿಲಿನ ಎರಡೂ ಪಕ್ಕ ಒಂದು ಮಾರಿನಷ್ಟು ದೂರ ಮುಳ್ಳುತಂತಿ ಬಿಚ್ಚಿ ಬಿದಿರಿನ ಗಳ ಕಟ್ಟಿ. ನೆಲದ ಸಿಮೆಂಟು ಎದ್ದು ಚೂಪಾಗಿದ್ದರೆ ತಟ್ಟಿಸಿ. ರೋಟವೇಟರು ತಿರುಗುತ್ತಿರುವಾಗ ಹಿಂದೆ ಸಿಕ್ಕಿದ ಬಳ್ಳಿಯನ್ನು ಕಾಲಲ್ಲಿ ಒದ್ದು ಬಿಡಿಸುವ ಹುಡುಗರಿಗೆ, ಎಂಜಿನ್ ನಿಲ್ಲಿಸದೆ ಇಳಿಯಬಾರದೆಂದು ಮನೆಯ ಹಿರಿಯರೇ ಹೇಳಬೇಕು. ಮುಂದಿನ ಸಂಚಿಕೆಯಲ್ಲಿ ಗೊರಸು ಸವರುವ ಕ್ರಮ ಮತ್ತು ಅದಕ್ಕೆ ಬೇಕಾದ ಕತ್ತಿಗಳ ವಿಷಯ.